ಬೇಯಿಸಿದರೂ ಹೋಗದ್ದು

ನಮ್ಮ ಲ್ಯಾಬಿನ ಹಿರಿಯರಿಗೆ ನಾವಿಟ್ಟ ಹೆಸರು ವಿಷಪ್ಪ. ಕಪ್ಪೆಚಿಪ್ಪಿನ ಮಾಂಸವನ್ನು ಅರೆದು, ಸೋಸಿ, ಯಂತ್ರಕ್ಕೆ ಕೊಟ್ಟು, ಅದರಲ್ಲಿ ಕಡಲಿನ ವಿಷ ಎಷ್ಟಿದೆಯೆಂದು ಹೇಳುವುದು ಅವರ ಕೆಲಸ. ಅರೆಯುವ ಜಾರನ್ನು ಹಸುಗೂಸಿಗೆ ಎರೆಯುವಷ್ಟು ಜೋಪಾನವಾಗಿ ತೊಳೆಯುತ್ತಾರೆ; ಕ್ಯಾಂಟೀನಿನ ಚಹಾವನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾರೆ. ಎದುರು ಸಿಕ್ಕವರಿಗೆಲ್ಲ ಒಂದೇ ಪಾಠ: “ಈ ವಿಷ ಎಷ್ಟು ಬೇಯಿಸಿದ್ರೂ ಹೋಗಲ್ಲ ಕಣ್ರೀ.” ವಿಷ ಮಿತಿ ಮೀರಿದ ದಿನ ಸಾಹೇಬರು ಬಂದು “ಇನ್ನೊಂದ್ಸಲ ಮಾಡಿ ನೋಡ್ರೀ” ಎನ್ನುತ್ತಾರೆ. “ಪಾಸಾದಾಗ ಯಾಕ್ ಸಾರ್ ಯಾರೂ ಇನ್ನೊಂದ್ಸಲ ಅನ್ನಲ್ಲ?” ಎಂದು ಇವರು ಮೊದಲ ಅಂಕಿಗೇ ಸಹಿ ಜಡಿಯುತ್ತಾರೆ. ಫ್ರೀಜರಿನ ಮೂಲೆಯಲ್ಲಿದ್ದ ಐದು ವರ್ಷದ ಹಳೇ ಸ್ಯಾಂಪಲನ್ನು ಎಸೆಯಹೋದರೆ ನನ್ನ ಕೈ ತಡೆದರು: “ಇರ್ಲಿ ಬಿಡಮ್ಮ. ಇದೊಂದಕ್ಕೆ ಸಾಹೇಬ್ರ ಮಾತು ಕೇಳಿ ಪಾಸ್ ಮಾಡ್ಬಿಟ್ಟೆ. ತೀರಿಹೋದ ನನ್ನ ತಂಗಿ ಆ ಲೋಡಿನ ಚಿಪ್ಪನ್ನ ಚೆನ್ನಾಗೇ ಬೇಯಿಸಿದ್ಲಂತೆ.”