ಕಲ್ಲಿಗೊಂದು ಒಡಪು

ಗೆಳೆಯರೇ, ಇವತ್ತು ನಗರಸಭೆಯಲ್ಲಿ ಒಬ್ಬ ಗುಮಾಸ್ತ ಸೋತದ್ದನ್ನು ಕಣ್ಣಾರೆ ಕಂಡೆ. ಕೊರೊನಾದಲ್ಲಿ ಹೋದವರಿಗಾಗಿ ಶಹಾಪುರದಲ್ಲಿ ಸ್ಮಾರಕದ ಕಲ್ಲು ನಿಲ್ಲಿಸುತ್ತಾರಂತೆ. ಅದರ ಮೇಲೆ ಕೆತ್ತಲು ಹೆಸರು ಬರೆದುಕೊಳ್ಳುತ್ತಿದ್ದರು. ನಮ್ಮಕ್ಕನ ಹೆಸರು ಬರೆಸಲು ನಾನೂ ಸಾಲಿನಲ್ಲಿದ್ದೆ. ನನ್ನ ಮುಂದೆ ದೋರನಹಳ್ಳಿಯ ಒಬ್ಬ ಅಜ್ಜಿ.

"ತೀರಿಕೊಂಡವ್ರು ಯಾರ್ರಿ?"

"ನಮ್ಮ ಯಜಮಾನ್ರು."

"ಹೆಸರು ಹೇಳ್ರಿ ಯವ್ವಾ."

"ಗಂಡನ ಹೆಸರು ನಾ ಹೆಂಗ ಹೇಳ್ಲಿ?"

"ಮತ್ತ ಅವ್ರ ಆಧಾರ್ ಕಾರ್ಡ್ ಕೊಡ್ರಿ."

ಅದು ಮನೆಯಲ್ಲೇ ಉಳಿದಿತ್ತು. "ಹಂಗಾದ್ರ ಕಲ್ಲಿನ ಮ್ಯಾಲ ಯಜಮಾನ್ರು ಅಂತ ಕೆತ್ತಿಸ್ಲೇನು?" ಎಂದು ಗುಮಾಸ್ತ ರೇಗಿದ.

ನನಗೂ ರೇಗಿತು, ಅವನ ಮೇಲೆ. "ಯವ್ವಾ, ಒಡಪು ಹಾಕಿ, ಪ್ರಾಸದಾಗ ಹೆಸರು ಸೇರಿಸಿ ಹೇಳ್ರಿ" ಎಂದೆ.

"ಒಡಪು ಲಗ್ನದಾಗ ಹೇಳೋದವ್ವ. ಅವ್ರು ಹೋದಾಗ ದವಾಖಾನಿಯವ್ರು ನನಗ ಮಾರಿ ಸೈತ ತೋರಿಸ್ಲಿಲ್ಲ."

ಹಾಗೆಂದರೂ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಮದುಮಗಳ ಹಾಗೆ ನೆಲ ನೋಡುತ್ತ ಹೇಳಿದರು:

"ಬಿಳಿಜ್ವಾಳದ ರೊಟ್ಟಿಗಿ ಕೆನಿ ಮೊಸರು,
ಕಲ್ಲಿನ ಮ್ಯಾಲ ಬರೀರಿ ಭೀಮರಾಯರ ಹೆಸರು."

ಗುಮಾಸ್ತ ತಲೆಯೆತ್ತದೆ ಬರೆದುಕೊಂಡ.

"ಇನ್ನ ಓದಾವ್ರು ಓದ್ತಾರ, ನಾ ಕಲ್ಲಿನ ಮುಂದ ನಿಂತು ಕೇಳ್ತೀನಿ" ಎಂದು ಅಜ್ಜಿ ಚೀಲ ಎತ್ತಿಕೊಂಡರು.

ತಿರುಗಿ ನೋಡಿದರೆ, ನನ್ನ ಹಿಂದೆ ನಿಂತಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಆಧಾರ್ ಕಾರ್ಡು ಒಳಗಿಟ್ಟು, ಆಗಲೇ ಪ್ರಾಸ ಹುಡುಕುತ್ತಿದ್ದರು.