ಟಪಾಲು ರಂಗಯ್ಯನ ಕುರಿಮಂದೆ ಪಾಠ

ನಮ್ಮ ಯಲ್ಲದಕೆರೆಯಲ್ಲಿ ರಂಗಯ್ಯ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದರು. ಟಪಾಲು ರಂಗಯ್ಯ ಮಾತ್ರ ಒಬ್ಬನೇ. ಅವನು ಟಪಾಲು ಹಂಚುವವನಲ್ಲ, ಟಪಾಲಿನಲ್ಲಿ ಬೇಸಾಯ ಕಲಿತವನು. ನಲವತ್ತು ದಾಟಿ ಮೀಸೆ ನೆರೆಯಲು ಶುರುವಾದ ಮೇಲೆ, ಬೆಂಗಳೂರಿನಿಂದ ಲಕೋಟೆಯಲ್ಲಿ ಬರುವ ಪಾಠ ಓದಿ, ಕೊನೆಯಲ್ಲಿ ಕೊಟ್ಟ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸುತ್ತಿದ್ದ. ಹುಟ್ಟಿದಾಗಿನಿಂದ ನೇಗಿಲು ಹಿಡಿದವನಿಗೆ ಬೇಸಾಯ ಕಲಿಯಲು ಕಾಗದ ಯಾಕೆ ಎಂದು ಊರು ನಕ್ಕಿತು. ನಾನೂ ನಕ್ಕೆ. ನಗಬಾರದು ಅನ್ನಿಸುವ ಹಾಗೆ ಅವನೇನೂ ನಡೆದುಕೊಳ್ಳುತ್ತಿರಲಿಲ್ಲ.

ಅವನ ಕತೆಯನ್ನು ಎತ್ತಪ್ಪನಿಂದಲೇ ಶುರು ಮಾಡಬೇಕು. ಎತ್ತಪ್ಪ ಕುರಿಗಾರ. ಸುಗ್ಗಿ ಮುಗಿದು ಹೊಲ ಬೋಳಾದ ಮೇಲೆ ತನ್ನ ಮಂದೆ ಹೊಡೆದುಕೊಂಡು ಬಂದು ರಂಗಯ್ಯನ ಹೊಲದಲ್ಲಿ ಒಂದಷ್ಟು ದಿನ ತರುಬುತ್ತಿದ್ದ. ರಾತ್ರಿಯೆಲ್ಲ ಕುರಿಗಳು ಅಲ್ಲೇ ಮಲಗುತ್ತವೆ, ಹಿಕ್ಕೆ ಹಾಕುತ್ತವೆ, ಉಚ್ಚೆ ಹೊಯ್ಯುತ್ತವೆ. ಮಳೆ ಬಿದ್ದ ಮೇಲೆ ಉಳುಮೆ ಮಾಡಿದರೆ ಅದೇ ಆ ವರ್ಷದ ಗೊಬ್ಬರ. ಅದಕ್ಕೆ ಹೊಲದವನು ಕುರಿಗಾರನಿಗೆ ರಾಗಿ ಕೊಡುತ್ತಾನೆ. ಈ ಇಬ್ಬರ ಮನೆಗಳ ನಡುವೆ ಅದು ಅಪ್ಪಂದಿರ ಕಾಲದಿಂದ ಬಂದ ನಂಟು. ಅದಕ್ಕೊಂದು ಕಟ್ಟಳೆಯೂ ಇತ್ತು. ಮಂದೆ ಬಂದ ಮೊದಲ ಸಂಜೆ ಹೊಲದವನ ಮನೆಯಿಂದ ಅಡುಗೆ ಹೋಗಬೇಕು, ಹೊಲದ ಯಜಮಾನ ಕುರಿಗಾರರ ಪಕ್ಕದಲ್ಲೇ ನೆಲದ ಮೇಲೆ ಕೂತು ಉಣ್ಣಬೇಕು. ರಂಗಯ್ಯನ ಅಪ್ಪ ಜ್ವರದಲ್ಲೂ ಕಂಬಳಿ ಹೊದ್ದು ಹೋಗಿ ಉಂಡು ಬಂದಿದ್ದನ್ನು ನಾವೆಲ್ಲ ನೋಡಿದ್ದೇವೆ.

ಎಪ್ಪತ್ತನೇ ಇಸವಿಯ ಹೊತ್ತಿಗೆ ನಮ್ಮ ಕಡೆಗೆ ಸೀಮೆಗೊಬ್ಬರ ಬಂತು. ಊರಲ್ಲಿ ಮೊದಲು ಮೂಟೆ ಇಳಿಸಿದವನು ರಂಗಯ್ಯ. ಬಿಳಿ ಹರಳು ಚೆಲ್ಲಿದ ಮೊದಲ ವರ್ಷ ಅವನ ರಾಗಿ ಆಳೆತ್ತರ ಬೆಳೆಯಿತು, ಅವನ ತಲೆಯೂ ಅಷ್ಟೇ ಎತ್ತರಕ್ಕೆ ಹೋಯಿತು. ಆ ಬೇಸಿಗೆ ಎತ್ತಪ್ಪ ಎಂದಿನಂತೆ ಮಂದೆಯೊಂದಿಗೆ ಬಂದಾಗ ರಂಗಯ್ಯ ಹೊಲದ ಬದುವಿನ ಮೇಲೆ ಕಾಲು ಅಗಲಿಸಿ ನಿಂತಿದ್ದ. ಮೂಟೆ ನೋಡಲು ಬಂದಿದ್ದ ಅಕ್ಕಪಕ್ಕದ ಹೊಲದವರೂ ಅಲ್ಲಿದ್ದರು.

“ಹಿಕ್ಕೆ ಕೊಟ್ಟು ರಾಗಿ ತಿನ್ನೋ ಕಾಲ ಮುಗೀತು ಕಣಲೇ ಎತ್ತಪ್ಪ. ನಿಮ್ಮ ಕುರಿ ನಾತ ನನ್ನ ಹೊಲಕ್ಕೆ ಬ್ಯಾಡ. ಬದು ದಾಟಬ್ಯಾಡ” ಎಂದ.

ಕೆಲವರು ನಕ್ಕರು. ಎತ್ತಪ್ಪ ಮುಂದಿನ ಟಗರಿನ ಕೊರಳು ಹಿಡಿದು ತಿರುಗಿಸಿದ, ಮಂದೆಯೂ ತಿರುಗಿತು. ಅದೇ ಹೊತ್ತಿಗೆ ರಂಗಯ್ಯನ ಹೆಂಡತಿ ಪಾಲಮ್ಮ ತಲೆಯ ಮೇಲೆ ಮುದ್ದೆ ಸಾರಿನ ಮಂಕರಿ ಹೊತ್ತು ಅರ್ಧ ದಾರಿಗೆ ಬಂದಿದ್ದಳು. ವಿಷಯ ಗೊತ್ತಾಗಿ ಹಾಗೇ ನಿಂತಳು. ಅಡುಗೆ ದನಕ್ಕೆ ಹಾಕು ಎಂದು ಗಂಡ ಕೂಗಿ ಹೇಳಿದ. ಹಸಿದು ಬಂದವರ ಬಾಯಿಂದ ತಪ್ಪಿಸಿದ ಅನ್ನವನ್ನು ಹೊತ್ತು ಊರೊಳಗೆ ಹಾದು ಹೋಗುವಾಗ ಆ ಹೆಂಗಸು ಸೆರಗನ್ನು ಮುಖದ ಮೇಲಕ್ಕೆ ಎಳೆದುಕೊಂಡಿದ್ದಳು. ಆ ಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ದಿನಗಳಲ್ಲಿ ಅವಳು ಮಜ್ಜಿಗೆಯ ಗಡಿಗೆ ಹಿಡಿದು ಬೋಳು ಹೊಲಕ್ಕೆ ಹೋಗುವುದು ಕಾಣುತ್ತಿತ್ತು. ಕೇಳಿದರೆ ಒಲೆಗೆ ಪುಳ್ಳೆ ಆಯಲು ಹೋಗುತ್ತೇನೆ ಅನ್ನುತ್ತಿದ್ದಳು. ಪುಳ್ಳೆ ಆಯಲು ಅಷ್ಟು ಮಜ್ಜಿಗೆ ಯಾಕೆ ಎಂದು ನಾವಾರೂ ಕೇಳಲಿಲ್ಲ, ರಂಗಯ್ಯನಂತೂ ಕೇಳಲೇ ಇಲ್ಲ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸೀಮೆಗೊಬ್ಬರ ಹಿರಿಯೂರಿನಲ್ಲೂ ಸಿಗದಾಯಿತು. ರಂಗಯ್ಯನ ಹೊಲ ಹೆಂಟೆಗಟ್ಟಿತು, ಪೈರು ಹಳದಿ ತಿರುಗಿತು. ಇದಕ್ಕೆ ಪರಿಹಾರ ಕೇಳಲು ಹೋದಾಗ ಗ್ರಾಮಸೇವಕರು ಈ ಟಪಾಲು ಪಾಠದ ಸುದ್ದಿ ಹೇಳಿದರು. ಮನೆಯಲ್ಲೇ ಕೂತು ಓದಬಹುದು, ಕೊನೆಗೆ ಸರ್ಟಿಫಿಕೇಟು ಕೊಡುತ್ತಾರೆ. ರಂಗಯ್ಯ ಕೂಡಲೇ ಸೇರಿಕೊಂಡ. ಲಕೋಟೆ ಬಂದರೆ ಮನೆಗೆ ಒಯ್ಯುತ್ತಿರಲಿಲ್ಲ. ಚಿತ್ತಯ್ಯನ ಹೋಟೆಲಿಗೆ ತಂದು, ಎಲ್ಲರ ಎದುರಿಗೆ ಹರಿದು, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದುತ್ತಿದ್ದ. ಒಳಗೆ ಏನಿದೆ ಎಂದು ಮೊದಲೇ ನೋಡಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಜಂಬ ಅಷ್ಟರಮಟ್ಟಿಗೆ ಅವನ ಕಣ್ಣು ಕಟ್ಟಿತ್ತು.

ಮಣ್ಣಿನ ಪಾಠ ಆಯಿತು, ಬೀಜದ ಪಾಠ ಆಯಿತು. ಎಪ್ಪತ್ತೈದರ ಮಳೆಗಾಲದಲ್ಲಿ ಬಂದ ಲಕೋಟೆಯಲ್ಲಿ ಸಾವಯವ ಗೊಬ್ಬರದ ಪಾಠ ಇತ್ತು. ರಂಗಯ್ಯ ಓದುತ್ತಾ ಹೋದ. ಹಸಿರೆಲೆ ಗೊಬ್ಬರ, ಕಾಂಪೋಸ್ಟ್ ಗುಂಡಿ ಎಲ್ಲ ಮುಗಿಯಿತು. “ಒಣ ಪ್ರದೇಶಗಳಲ್ಲಿ ಹೊಲದಲ್ಲಿ ಕುರಿಮಂದೆಯನ್ನು” ಎಂದು ಶುರು ಮಾಡಿದವನು ಅಲ್ಲಿಗೆ ನಿಂತ. ಕಣ್ಣು ಮಾತ್ರ ಮುಂದಕ್ಕೆ ಓಡಿತು. ಆಮೇಲೆ ಹಾಳೆ ಮಗುಚಿ, ಇದೇನೂ ಮುಖ್ಯವಲ್ಲ, ಮುಂದಿನದು ಕೇಳಿ ಎಂದ.

ಮಗುಚಿದ ಹಾಳೆಯ ಹಿಂಬದಿಗೆ ಚಿತ್ರವಿತ್ತು. ಬೋಳು ಹೊಲ, ಅದರ ತುಂಬ ಕುರಿ, ಕೋಲು ಹಿಡಿದು ನಿಂತ ಕುರಿಗಾರ. ಚಿತ್ತಯ್ಯ ಟೀ ಸೋಸುವುದು ಬಿಟ್ಟು ಬಗ್ಗಿ ನೋಡಿದ.

“ಇವ್ನು ನಮ್ಮ ಎತ್ತಪ್ಪನ ಹಂಗೇ ಅವ್ನಲ್ಲಪ್ಪ. ಬೆಂಗ್ಳೂರಾಗೂ ಇವ್ನ ಫೋಟ ಹಾಕ್ಯವ್ರಾ?” ಎಂದ.

ಹೋಟೆಲಿಗೆ ಹೋಟೆಲೇ ನಕ್ಕಿತು. ರಂಗಯ್ಯನ ಕಿವಿ ಕೆಂಪಾಯಿತು. ಪಾಠದ ಹಾಳೆಗಳನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಮುಂದಿದ್ದ ಟೀ ಹಾಗೇ ಬಿಟ್ಟು ಎದ್ದು ಹೋದ. ಅವತ್ತಿನಿಂದ ಅವನು ಹೋಟೆಲಿನಲ್ಲಿ ಪಾಠ ಓದಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಾಠದ ಕೊನೆಯಲ್ಲಿ ಪ್ರಶ್ನೆ ಇತ್ತು: ನಿಮ್ಮ ಹೊಲದಲ್ಲಿ ಕುರಿ ತರುಬುವ ಪದ್ಧತಿ ಇದ್ದರೆ ವಿವರಿಸಿ. ಇಲ್ಲ ಎಂದು ಒಂದೇ ಮಾತಿನಲ್ಲಿ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ನಾಚಿಕೆ ಮನುಷ್ಯನನ್ನು ಸುಮ್ಮನಿರಿಸುವುದಿಲ್ಲ. ಅವನು ಅಪ್ಪನ ಕಾಲದ್ದೆಲ್ಲ ನೆನೆಸಿಕೊಂಡು ಪುಟಗಟ್ಟಲೆ ಬರೆದ. ಮೊದಲ ಸಂಜೆಯ ಊಟವನ್ನೂ ಬಿಡಲಿಲ್ಲ. ಕೊನೆಗೆ, ನಮ್ಮ ಹೊಲದಲ್ಲಿ ಪ್ರತಿ ವರ್ಷ ತಪ್ಪದೆ ಮಂದೆ ತರುಬಿಸುತ್ತೇವೆ ಎಂದೂ ಸೇರಿಸಿ ಅಂಚೆಗೆ ಹಾಕಿದ.

ಸಂಕ್ರಾಂತಿಗೆ ಮುಂಚೆ ಹಿರಿಯೂರಿನಲ್ಲಿ ಟಪಾಲು ವಿದ್ಯಾರ್ಥಿಗಳಿಗೆಲ್ಲ ಮುಖಾಮುಖಿ ತರಗತಿ ನಡೆಯಿತು. ಬೆಂಗಳೂರಿನಿಂದ ಬಂದ ಮೇಷ್ಟ್ರು ರಂಗಯ್ಯನನ್ನು ಎಬ್ಬಿಸಿ ನಿಲ್ಲಿಸಿ, ಅವನ ಉತ್ತರವನ್ನು ಎಲ್ಲರಿಗೂ ಓದಿ ಹೇಳಿದರು. ಚಪ್ಪಾಳೆ ಬಿತ್ತು. ಈ ಸಲ ಮಂದೆ ಬಂದಾಗ ನಾವೆಲ್ಲ ನಿಮ್ಮ ಹೊಲಕ್ಕೇ ಬಂದು ನೋಡುತ್ತೇವೆ ಎಂದು ದಿನವನ್ನೂ ಗೊತ್ತು ಮಾಡಿದರು. ಚಪ್ಪಾಳೆಯ ನಡುವೆ ನಿಂತಿದ್ದವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಅವತ್ತು ಊರಿಗೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಇದೆಲ್ಲ ಹೇಳಿದವನು ಅವನೇ. ಹೇಳುವಾಗ ಕಿಟಕಿಯ ಆಚೆ ನೋಡುತ್ತಿದ್ದ.

ಈಗ ಎತ್ತಪ್ಪ ಬರಲೇಬೇಕಿತ್ತು. ಬಾರದಿದ್ದರೆ ಮೇಷ್ಟ್ರ ಮುಂದೆ ಸುಳ್ಳುಗಾರ. ಕರೆಯಲು ಹೋದರೆ ಎತ್ತಪ್ಪನ ಮುಂದೆ ಏನು, ಅದು ಅವನಿಗೇ ಗೊತ್ತಿತ್ತು. ಮಂದೆ ಹೊಸದುರ್ಗದ ಕಡೆ ತೆಂಗಿನ ತೋಟವೊಂದರಲ್ಲಿದೆ ಎಂದು ತಿಳಿದು, ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿ ಅಲುಗಿಸುತ್ತಾ ಅಭ್ಯಾಸ ಮಾಡಿದ. ಅಲ್ಲಿ ಎತ್ತಪ್ಪ, ಬರ್ರಿ ಗೌಡ್ರೆ, ಕುಂತ್ಕಳ್ರಿ ಎಂದು ಕಂಬಳಿ ಹಾಸಿದ್ದೇ ತಡ, ಎಲ್ಲ ಮರೆತುಹೋಯಿತು. ತಪ್ಪಾಯಿತು ಎಂಬ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಆಡಿದ. ಪಾಠದ ವಿಷಯ, ಮೇಷ್ಟ್ರ ವಿಷಯ, ಹಿಕ್ಕೆಯಲ್ಲಿ ಎಂಥೆಂಥ ಸಾರ ಇದೆ ಎಂಬ ವಿಷಯ. ಹಿಕ್ಕೆಯ ನಡುವೆ ಹುಟ್ಟಿ ಬೆಳೆದವನಿಗೆ ಹಿಕ್ಕೆಯ ಮಹಿಮೆ ಹೇಳುವುದನ್ನು ಕೇಳಲಾರದೆ ನಾನು ಎದ್ದು ಕುರಿಮರಿ ನೋಡಲು ಹೋದೆ.

ಎತ್ತಪ್ಪ ಎಲ್ಲ ಕೇಳಿಸಿಕೊಂಡ. ಕೊನೆಗೆ ನೆಲ ನೋಡುತ್ತಾ ಒಂದೇ ಮಾತು ಕೇಳಿದ.

“ಬದು ದಾಟಬೌದಾ ಗೌಡ್ರೆ?”

ರಂಗಯ್ಯ ಹೌದೆಂದು ತಲೆ ಆಡಿಸಿದ, ಅಷ್ಟೇ.

ಗೊತ್ತಾದ ದಿನ ಮಧ್ಯಾಹ್ನ ಮಂದೆ ಬಂತು. ಮೇಷ್ಟ್ರು, ಹತ್ತಾರು ಊರಿನ ವಿದ್ಯಾರ್ಥಿಗಳು, ಗ್ರಾಮಸೇವಕರು ಎಲ್ಲ ಬಂದರು. ಊರಿನವರೂ ಬಂದೆವು, ತಮಾಷೆ ನೋಡಲು. ಎತ್ತಪ್ಪನ ಬಾಯಿಂದ ಈಗ ನಿಜ ಹೊರಬೀಳುತ್ತದೆ, ಟಪಾಲು ರಂಗಯ್ಯನ ಬಣ್ಣ ಬಯಲಾಗುತ್ತದೆ ಎಂದು ನಮಗೆಲ್ಲ ಒಳಗೊಳಗೇ ಖುಷಿ. ರಂಗಯ್ಯ ಬೆವರುತ್ತಿದ್ದ. ಮೇಷ್ಟ್ರು ನೇರವಾಗಿ ಎತ್ತಪ್ಪನ ಹತ್ತಿರ ಹೋಗಿ, ಈ ಹೊಲಕ್ಕೆ ನೀವು ಪ್ರತಿ ವರ್ಷ ಬರುತ್ತೀರಂತೆ, ಹೌದೇ ಎಂದು ಕೇಳಿದರು.

“ಹೌದು ಸಾಮಿ. ನಮ್ಮಪ್ಪನ ಕಾಲ್ದಿಂದ್ಲೂ ಬರ್ತೀವಿ. ಒಂದು ವರ್ಷನೂ ತಪ್ಪಿಲ್ಲ” ಎಂದ ಎತ್ತಪ್ಪ.

ನಮ್ಮ ಖುಷಿಗೆ ತಣ್ಣೀರು ಬಿತ್ತು. ಮೇಷ್ಟ್ರು ರಂಗಯ್ಯನ ಬೆನ್ನು ತಟ್ಟಿ, ಎಲ್ಲರಿಗೂ ಇದನ್ನೇ ನೋಡಿ ಕಲಿಯಿರಿ ಎಂದು ಹೇಳಿ ಹೊರಟುಹೋದರು. ಬೆನ್ನು ತಟ್ಟಿಸಿಕೊಂಡವನು ಮಾತ್ರ ಹೊಡೆತ ತಿಂದವನ ಹಾಗೆ ಕುಗ್ಗಿದ್ದ.

ಹೊತ್ತು ಮುಳುಗುವಾಗ ಪಾಲಮ್ಮ ಮಂಕರಿ ಹೊತ್ತು ತಂದಳು. ರಂಗಯ್ಯ ಎತ್ತಪ್ಪನ ಪಕ್ಕ ನೆಲಕ್ಕೆ ಕೂತ. ನನ್ನನ್ನೂ ಊಟಕ್ಕೆ ಕರೆದಿದ್ದರು. ಮುದ್ದೆಗೆ ಕೈ ಹಾಕಿದ ರಂಗಯ್ಯ ಮುರಿಯದೆ ತಡೆದು, ನನ್ನ ಸಲುವಾಗಿ ನೀನು ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದ.

ಎತ್ತಪ್ಪನಿಗೆ ಆಶ್ಚರ್ಯವಾದಂತೆ ಕಂಡಿತು.

“ಸುಳ್ಳೆಲ್ಲೈತೆ ಗೌಡ್ರೆ? ವರ್ಷಾ ವರ್ಷಾ ಬಂದೀವಿ. ಆ ಬದುವಿನ ತನಕ ಬರ್ತಿದ್ವಿ. ಕರೀತೀರೇನೋ ಅಂತ ಒಂದೊತ್ತು ಕುಂತಿದ್ದು, ಅಕ್ಕ ತಂದ್ಕೊಡೋ ಮಜ್ಜಿಗೆ ಕುಡ್ದು ಹೋಗ್ತಿದ್ವಿ.”

ರಂಗಯ್ಯ ಹೆಂಡತಿಯ ಕಡೆ ತಿರುಗಿದ. ಅವಳು ಸಾರು ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ನೀನಾದರೂ ಹೇಳಬಾರದಿತ್ತೇ ಎಂದು ಅವನು ಕೇಳಿದ.

“ಹೇಳಿದ್ರೆ ಮಜ್ಜಿಗೇನೂ ಬ್ಯಾಡ ಅಂತಿದ್ರಿ” ಎಂದಳು ಪಾಲಮ್ಮ.

ಅದು ಸುಳ್ಳಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಗಂಡಸು ಎಲ್ಲರೆದುರು, ಎಂಜಲು ಕೈಯಲ್ಲೇ, ಮುಖ ಮುಚ್ಚಿಕೊಳ್ಳಲೂ ಆಗದೆ ಅತ್ತ. ಎತ್ತಪ್ಪ ಬೇರೆ ಕಡೆ ನೋಡುತ್ತಾ ಉಂಡ. ನಗಲು ಬಂದಿದ್ದ ನಾನು ನನ್ನ ಮುದ್ದೆಯನ್ನೇ ನೋಡುತ್ತಾ ಕೂತೆ.

ರಂಗಯ್ಯನಿಗೆ ಸರ್ಟಿಫಿಕೇಟು ಬಂತು. ಟಪಾಲು ರಂಗಯ್ಯ ಎಂಬ ಹೆಸರೂ ಉಳಿಯಿತು. ಆ ಮೇಲಿನ ವರ್ಷಗಳಲ್ಲಿ ಸಂಕ್ರಾಂತಿ ಕಳೆದದ್ದೇ ಅವನು ದಿನವೂ ಬೆಳಗಿನಿಂದ ಬದುವಿನ ಮೇಲೆ ಹೋಗಿ ಕೂರುತ್ತಿದ್ದ. ಮಜ್ಜಿಗೆಯ ಗಡಿಗೆಯನ್ನು ತಾನೇ ಹೊತ್ತು ಒಯ್ಯುತ್ತಿದ್ದ. ದೂರದಲ್ಲಿ ಧೂಳು ಕಂಡರೆ ಎದ್ದು ನಿಲ್ಲುತ್ತಿದ್ದ. ಮಂದೆ ಹತ್ತಿರ ಬಂದಾಗ ಮಾತ್ರ ಎತ್ತಪ್ಪನ ಮುಖ ನೋಡಲಾಗದೆ, ಮುಂದಿನ ಟಗರಿನ ಕೊರಳು ಹಿಡಿದು, ತಾನೇ ಬದು ದಾಟಿಸುತ್ತಿದ್ದ.