ಹಾಲು ಚೆಲ್ಲದ ಗಾಡಿ

ಕಾರು ದಿಬ್ಬ ಹತ್ತಿತ್ತು, ಪದ್ಮಾ. ಹತ್ತಲಿಲ್ಲ ಎಂದು ನಾನು ನಿನಗೆ ಸುಳ್ಳು ಹೇಳಿದೆ.

ಗಾಡಿ ನೋಡಲು ಹೊರಟ ಆ ಬೆಳಗಿನವರೆಗೆ ಎಲ್ಲ ಎಂದಿನಂತೆಯೇ ಇತ್ತು. ನೀನು ನೋಯುವ ಸೊಂಟಕ್ಕೆ ಹಳೆಯ ಸೀರೆ ಬಿಗಿದುಕೊಂಡು ಹಸುಗಳ ಹಾಲು ಕರೆದೆ. ಟೀ ಕೊಡುತ್ತಾ ಅಂದೆ: "ಗಾಡಿ ತೋಟಕ್ಕೂ ಆಗ್ಲಿ, ಆಸ್ಪತ್ರೆಗೂ ಆಗ್ಲಿ. ನಂಗೇನೂ ಬ್ಯಾಡ, ಸೊಂಟ ಕುಲುಕ್ಬಾರ್ದು ಅಷ್ಟೇ." ಬೇತಮಂಗಲದ ಆಚೆ ನಮ್ಮ ತೋಟದ ದಾರಿ — ಹಳ್ಳ, ಹಳ್ಳ ದಾಟಿದರೆ ಜಾರುವ ಕೆಮ್ಮಣ್ಣಿನ ದಿಬ್ಬ. ವಾರಕ್ಕೊಮ್ಮೆ ನಿನಗೆ ಕೋಲಾರದ ಆಸ್ಪತ್ರೆ.

ಬಂಗಾರಪೇಟೆಯಲ್ಲಿ ಹಳೆಯ ಗಾಡಿ ಮಾರುವವನ ಬಳಿ ನಾನು ಎರಡು ಆರಿಸಿದೆ. ಒಂದು ಜೀಪು, ಒಂದು ಎತ್ತರದ ಮೆತ್ತನೆಯ ಕಾರು. ಎರಡಕ್ಕೂ ನಾಲ್ಕೂ ಚಕ್ರದಿಂದ ಎಳೆಯುವ ಶಕ್ತಿ. ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುವ ನಿನ್ನ ತಮ್ಮ ಮುನಿಕೃಷ್ಣ ಜೊತೆಗೆ ಬಂದ. ಒಂದೊಂದನ್ನೂ ದಿಬ್ಬಕ್ಕೆ ತಂದೆವು. ಅವನು ಹಾಲು ತುಂಬಿದ ಕ್ಯಾನಿನ ಮುಚ್ಚಳ ತೆಗೆದು ಹಿಂದಿನ ಸೀಟಿನ ಬಳಿ ಇಟ್ಟ. "ಅಕ್ಕ ಕೂರೋ ಜಾಗ ಇದು. ಯಾವ್ದು ವಾಸಿ ಅಂತ ಆಲೇ ಯೋಳ್ಲಿ ಬಾವಾ."

ಕಾರು ಹತ್ತಿ ಇಳಿಯಿತು. ಒಂದು ತೊಟ್ಟೂ ಚೆಲ್ಲಲಿಲ್ಲ. ಜೀಪಿನಲ್ಲಿ ಕಾಲಡಿಯೆಲ್ಲ ಹಾಲು. "ಇನ್ನೊಂದು ಸುತ್ತು ಓದ್ರೆ ಬೆಣ್ಣೆ ಬತ್ತದೆ!" ಎಂದು ಅವನು ನಕ್ಕ. ನಾನೂ ನಕ್ಕೆ.

ಜೀಪು ಕೊಂಡೆ. ಡೈರಿ ಮುಂದೆ ಜೀಪಿನಿಂದ ಇಳಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ — ಅಷ್ಟೇ. ಇನ್ನೇನಾದರೂ ದೊಡ್ಡ ಕಾರಣ ಇದ್ದಿದ್ದರೆ... ಇರಲಿಲ್ಲ. ಮುನಿಕೃಷ್ಣನಿಗೆ, "ಅಕ್ಕನತ್ರ ಬಾಯಿ ಬಿಡಬ್ಯಾಡ ಕಣ್ಲಾ" ಅಂದೆ. ಬಾವನ ಮಾತು, ಅವನು ತಲೆ ತಗ್ಗಿಸಿದ.

"ಕಾರು ದಿಬ್ಬದಾಗೆ ಜಾರ್ತು ಕಣೇ" ಅಂದೆ. ನಂಬಿದೆ ನೀನು. ಪೂಜೆಯ ದಿನ ಜೀಪಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟವಳೂ ನೀನೇ — ಆ ಸೊಂಟದಲ್ಲಿ, ನಾಲ್ಕು ಸಲ ಬಗ್ಗಿ.

ಆಸ್ಪತ್ರೆಗೆ ಹೋಗುವಾಗ ಮೊದಮೊದಲು ನೀನು ಒಂದು ದಿಂಬು ಹಾಕಿಕೊಂಡು ಕೂತೆ. ಆಮೇಲೆ ಎರಡು. ಆಮೇಲೆ — "ಈ ವಾರ ಬ್ಯಾಡ, ನೋವು ಕಮ್ಮಿ ಐತೆ." ಕಮ್ಮಿ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಜೀಪು ಹತ್ತಿ ಡೈರಿಗೆ ಹೋದೆ.

ಹೀಗೆ ತಿಂಗಳುಗಟ್ಟಲೆ ಆಸ್ಪತ್ರೆ ತಪ್ಪಿತು. ಕೊನೆಗೆ ನೋಡಿದರೆ ಅದು ಬರೀ ಸೊಂಟನೋವಲ್ಲ, ಬೆನ್ನುಮೂಳೆಯಲ್ಲಿ ಗಡ್ಡೆ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದೆಯೋ — ಡಾಕ್ಟರು ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳಿದ್ದರೆ —

ಕೊನೆಯ ವಾರ ಮುನಿಕೃಷ್ಣ ನಿನ್ನ ಕಾಲ ಬಳಿ ಕೂತು ಅತ್ತು ಎಲ್ಲ ಹೇಳಿಬಿಟ್ಟನಂತೆ. ಸಂಜೆ ನಾನು ಗಂಜಿ ತಂದಾಗ ನೀನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದೆ:

"ಆ ಕಾರು ದಿಬ್ಬ ಅತ್ತಿತ್ತಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಗಂಜಿ ಆರೋಗ್ತದೆ, ಕುಡಿ" ಅಂದೆ ನಾನು.

ನೀನು ಎರಡು ಚಮಚ ಕುಡಿದು ಸಾಕು ಅಂದೆ. ಮತ್ತೆ ಕೇಳಲಿಲ್ಲ. ಮೂರನೆಯ ದಿನ ನೀನು ಹೋಗಿಬಿಟ್ಟೆ.

ಜೀಪು ಈಗಲೂ ಬಾಗಿಲಲ್ಲೇ ನಿಂತಿದೆ. ದಿಬ್ಬ ಚೆನ್ನಾಗಿಯೇ ಹತ್ತುತ್ತದೆ. ನಿನ್ನ ಎರಡು ದಿಂಬೂ ಹಿಂದಿನ ಸೀಟಿನಲ್ಲಿವೆ, ತೆಗೆದಿಲ್ಲ. ಇವತ್ತು ಮೊದಲ ಸಾಲಿನಲ್ಲಿ ಬರೆದ ಮಾತನ್ನು ಅವತ್ತು ಗಂಜಿಯ ಬಟ್ಟಲು ಹಿಡಿದುಕೊಂಡು ಹೇಳಬೇಕಾಗಿತ್ತು. ನೀನು ಕೇಳಿದೆ. ನಾನು ಗಂಜಿ ಕುಡಿ ಅಂದೆ.